ಮುರಿದ ಶಾಫ್ಟನ್ನು ಗುಜರಿಗೆ ಹಾಕಬೇಡಿ

ಪ್ರಶ್ನೆ: ನಮ್ಮದು ಎಚ್.ಡಿ. ಕೋಟೆ ತಾಲ್ಲೂಕು, ಹ್ಯಾಂಡ್‌ಪೋಸ್ಟ್ ಹತ್ತಿರದ ಒಂದು ಹಳ್ಳಿ. ಅಪ್ಪಾಜಿ ಕಾಲದ ಮಹೀಂದ್ರ ಸಿಜೆ 500 ಡಿ ಜೀಪಿದೆ. ಹಳೇ ಎಂಜಿನ್ ಹೊಗೆ ಉಗುಳುತ್ತಿತ್ತು. ಎರಡು ವರ್ಷದ ಹಿಂದೆ ಆಕ್ಸಿಡೆಂಟ್ ಆಗಿದ್ದ ಥಾರ್‌ನಿಂದ 2.5 ಸಿಆರ್‌ಡಿಇ ಎಂಜಿನ್ನು, ಗೇರ್‌ಬಾಕ್ಸು, ಟ್ರಾನ್ಸ್‌ಫರ್ ಕೇಸು ಎಲ್ಲಾ ತಂದು ಕೂರಿಸಿದೆವು. ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಹೊಂದಲಿಲ್ಲ, ಅದನ್ನು ಬಿಚ್ಚಿಟ್ಟಿದ್ದೇವೆ. ಟೈರು 31 ಇಂಚಿನವು. ಸೀಸನ್ನಿನಲ್ಲಿ ಹೊಗೆಸೊಪ್ಪಿನ ಬ್ಯಾರನ್‌ಗೆ ಟ್ರೇಲರ್ ಕಟ್ಟಿ ಸೌದೆ ಹೊಡೆಯುತ್ತೇವೆ, ಮಿಕ್ಕ ದಿನ ನಾನೇ ಓಡಿಸುತ್ತೇನೆ. ಎಳೆತ ಭರ್ಜರಿ. ಆದರೆ ಹಿಂದಿನ ಶಾಫ್ಟಿನ ಕ್ರಾಸ್ ಇಷ್ಟರಲ್ಲೇ ಮೂರು ಸಲ ಹೋಯಿತು. ಹೋದ ತಿಂಗಳು ಹುಣಸೂರು ರಸ್ತೆಯಲ್ಲಿ ಹಿಂದಿನ ಬಲಗಡೆ ಆಕ್ಸಲ್ ಶಾಫ್ಟ್ ಹಬ್ಬಿನ ಹತ್ತಿರ ಕಡಿದು, ಡ್ರಮ್ಮಿನ ಸಮೇತ ಚಕ್ರ ಹೊರಗೆ ಬಂತು. ನಿಧಾನಕ್ಕಿದ್ದೆ, ಏನೂ ಆಗಲಿಲ್ಲ. ಹುಣಸೂರಿನ ಮೆಕ್ಯಾನಿಕ್ ಸ್ಕಾರ್ಪಿಯೊ ಆಕ್ಸಲ್ ಹಾಕಿಸು ಅನ್ನುತ್ತಾರೆ. ಪಿರಿಯಾಪಟ್ಟಣದ ಸ್ನೇಹಿತ ಟಾಟಾ 407 ಆಕ್ಸಲ್ಲೇ ಸರಿ ಅನ್ನುತ್ತಾನೆ. ಕೆ.ಆರ್. ನಗರದ ಲೇತ್‌ನವರು ಹೊಸ ಶಾಫ್ಟ್ ಕಡೆದುಕೊಡುತ್ತಾರಂತೆ. ಇನ್ನೊಬ್ಬರು ಡಿಫರೆನ್ಷಿಯಲ್ಲಿಗೆ ವೆಲ್ಡಿಂಗ್ ಹೊಡೆದುಬಿಡಿ ಅಂದರು. ಅಮೆರಿಕದಲ್ಲಿ ಫೋರ್ಡ್ ನೈನ್ ಇಂಚ್ ಅಂತ ಆಕ್ಸಲ್ ಇದೆಯಂತೆ, ವಿಡಿಯೊದಲ್ಲಿ ನೋಡಿದೆ. ಅವ್ವ ಮಾತ್ರ, ಇದನ್ನು ಮೊದಲು ಮಾರು ಅನ್ನುತ್ತಾರೆ. ಎಲ್ಲಕ್ಕಿಂತ ಗಟ್ಟಿ ಆಕ್ಸಲ್ ಯಾವುದು ಸರ್? ದುಡ್ಡು ಜಾಸ್ತಿ ಇಲ್ಲ.

ಉತ್ತರ: ಚಕ್ರ ಕಳಚಿದಾಗ ನೀವು ನಿಧಾನಕ್ಕಿದ್ದಿರಿ. ಹಿಂದೆ ಸೌದೆ ತುಂಬಿದ ಟ್ರೇಲರ್ ಇದ್ದು, ಎದುರಿಗೆ ಬೈಕಿನಲ್ಲಿ ಇಬ್ಬರು ಬರುತ್ತಿದ್ದರೆ ಈ ಕಾಗದದ ಧಾಟಿಯೇ ಬೇರೆ ಇರುತ್ತಿತ್ತು. ಹಾಗಾಗಿ ರಿಪೇರಿ ಮುಗಿಯುವ ತನಕ ಜೀಪು ನಿಂತಲ್ಲೇ ನಿಂತಿರಲಿ. ಬಲಗಡೆಗೆ ಒಂದು ಹಳೇ ಶಾಫ್ಟ್ ತೂರಿಸಿಕೊಂಡು 'ಬರೀ ಹೊಲದ ತನಕ' ಎಂದು ಹೊರಡುವುದೂ ಬೇಡ. ಎಡಗಡೆಯದು ಅಷ್ಟೇ ವರ್ಷದ್ದು, ಅಷ್ಟೇ ಏಟು ತಿಂದದ್ದು.

ಯಾವ ಆಕ್ಸಲ್ ಗಟ್ಟಿ ಎಂದು ನಾಲ್ಕು ಜನರನ್ನು ಕೇಳಿದ್ದೀರಿ. ಹಳೆಯದು ಯಾಕೆ ಮುರಿಯಿತು ಎಂದು ಆ ನಾಲ್ವರಲ್ಲಿ ಯಾರೂ ಕೇಳಿದಂತಿಲ್ಲ. ಅದು ಗೊತ್ತಾಗದೆ ಏನು ಹಾಕಿಸಿದರೂ ಇನ್ನೆರಡು ವರ್ಷಕ್ಕೆ ಬೇರೆ ಇನ್ನೇನೋ ಮುರಿಯುತ್ತದೆ.

ಮುರಿದ ತುಂಡುಗಳನ್ನು ಗುಜರಿಗೆ ಹಾಕಿಲ್ಲ ತಾನೆ? ಹಾಕಿದ್ದರೆ ಇವತ್ತೇ ಹೋಗಿ ತನ್ನಿ. ಸೀಮೆಎಣ್ಣೆಯಲ್ಲೋ ಡೀಸೆಲ್ಲಿನಲ್ಲೋ ತೊಳೆದು, ಒರೆಸಿ, ಕಡಿದ ಮುಖವನ್ನು ಬಿಸಿಲಿಗೆ ಹಿಡಿದು ನೋಡಿ. ಒಂದು ಅಂಚಿನಿಂದ ಶುರುವಾಗಿ ಒಂದರ ಹಿಂದೆ ಒಂದರಂತೆ ಬಾಗಿದ ಗೆರೆಗಳು ಕಾಣುತ್ತಿದ್ದು, ಆ ಭಾಗ ಕಪ್ಪಗೋ ಕಂದಾಗೋ ಇದ್ದು, ಉಳಿದ ಸ್ವಲ್ಪ ಜಾಗ ಮಾತ್ರ ಹೊಸದಾಗಿ ಮುರಿದ ಹಾಗೆ ಹರಳುಹರಳಾಗಿ ಹೊಳೆಯುತ್ತಿದ್ದರೆ, ಆ ಶಾಫ್ಟ್ ಹೋದ ತಿಂಗಳು ಮುರಿದದ್ದಲ್ಲ. ಬಿರುಕು ಎಷ್ಟೋ ತಿಂಗಳಿಂದ, ಬಹುಶಃ ಹಳೇ ಎಂಜಿನ್ ಇದ್ದ ಕಾಲದಿಂದಲೇ ಬೆಳೆಯುತ್ತಿತ್ತು. ಕೊನೆಯ ತುಂಡು ಮಾತ್ರ ಹುಣಸೂರು ರಸ್ತೆಯಲ್ಲಿ ಹೋಯಿತು. ಮುಖವೆಲ್ಲ ಒಂದೇ ಸಮ ಹೊಳೆಯುತ್ತಿದ್ದರೆ ಅದು ಒಂದೇ ಏಟಿಗೆ ಹೋದದ್ದು. ಇನ್ನು ಒಳತುದಿಯ ಸ್ಪ್ಲೈನ್ ಹಲ್ಲುಗಳನ್ನು ನೋಡಿ. ಅವು ನೆಟ್ಟಗಿರದೆ ಹುರಿ ತಿರುಚಿದಂತೆ ವಾಲಿದ್ದರೆ, ಶಾಫ್ಟು ತಾಳಲಾರದ ತಿರುಚು ಬಲ ಅದರ ಮೇಲೆ ಬಿದ್ದಿತ್ತು ಎಂದೇ ಅರ್ಥ. ಎಡಗಡೆ ಶಾಫ್ಟನ್ನೂ ಎಳೆದು ಇದನ್ನೇ ನೋಡಿ.

ನೀವು ಬರೆದಿರುವ ಜಾಗ ನೋಡಿದರೆ ನನ್ನ ಅನುಮಾನ ಮೊದಲನೆಯದರ, ಅಂದರೆ ಹಳೇ ಬಿರುಕಿನ, ಮೇಲೆ. ಹಳೇ ಜೀಪುಗಳ ಹಿಂದಿನ ಆಕ್ಸಲ್‌ನಲ್ಲಿ ಶಾಫ್ಟು ಬೇರೆ, ಹಬ್ಬು ಬೇರೆ. ಶಾಫ್ಟಿನ ಹೊರತುದಿ ಮೊನಚಾಗುತ್ತ ಬಂದಿರುತ್ತದೆ. ಅದರ ಮೇಲೆ ಹಬ್ ಬಿಗಿಯಾಗಿ ಕೂರುತ್ತದೆ, ಜಾರದಂತೆ ಒಂದು ಚೌಕ ಕೀ, ಹೊರಗಡೆ ದೊಡ್ಡ ನಟ್ಟು, ನಟ್ಟಿಗೆ ಸ್ಪ್ಲಿಟ್ ಪಿನ್ನು. ಎಳೆತವನ್ನು ಹೊರಬೇಕಾದ್ದು ಆ ಮೊನಚಿನ ಮೇಲಿನ ಬಿಗಿ ಹಿಡಿತ. ಕೀ ಇರುವುದು ಬರೀ ಆಸರೆಗೆ. ಆ ನಟ್ಟಿಗೆ ಸುಮಾರು 200 ನ್ಯೂಟನ್ ಮೀಟರ್, ಹಳೇ ಲೆಕ್ಕದಲ್ಲಿ 150 ಅಡಿ-ಪೌಂಡ್, ಬಿಗಿ ಬೇಕು. ಪಾನಾಗೆ ಉದ್ದನೆ ಪೈಪು ಸಿಕ್ಕಿಸಿ, ಮೈಭಾರವೆಲ್ಲ ಹಾಕಿ ಎಳೆಯಬೇಕಾದ ಬಿಗಿ ಅದು. ಬ್ರೇಕ್ ಲೈನಿಂಗ್ ಹಾಕಿಸುವಾಗ ಡ್ರಮ್ ಬಿಚ್ಚಿ, ವಾಪಸ್ ಹಾಕುವಾಗ 'ಸಾಕು ಬಿಡಣ್ಣ' ಎಂದು ಬಿಟ್ಟರೆ ಹಬ್ಬು ಮೊನಚಿನ ಮೇಲೆ ಕೂದಲೆಳೆಯಷ್ಟು ಆಡಲು ಶುರುಮಾಡುತ್ತದೆ. ಆಗ ಭಾರವೆಲ್ಲ ಕೀ ಮೇಲೆ. ಕೀ ಕೂರುವ ತೋಡಿನ ಮೂಲೆಯಿಂದಲೇ ಬಿರುಕು ಏಳುತ್ತದೆ. ಹೊಸ ಎಂಜಿನ್ನಿಗೂ ಇದಕ್ಕೂ ಸಂಬಂಧವೇ ಇಲ್ಲದಿರಬಹುದು. ಪುಲ್ಲರ್ ಇಲ್ಲದೆ ಸುತ್ತಿಗೆಯಲ್ಲಿ ಬಡಿದು ಹಬ್ ಬಿಡಿಸುವ ಗ್ಯಾರೇಜುಗಳೂ ಇವೆ. ಆ ಏಟು ನೇರವಾಗಿ ಬೇರಿಂಗಿಗೆ ಹೋಗುತ್ತದೆ.

ಹಾಗಂತ ಎಂಜಿನ್ ನಿರಪರಾಧಿ ಎಂದು ಹೇಳುತ್ತಿಲ್ಲ. ಸ್ವಲ್ಪ ಲೆಕ್ಕ ಮಾಡೋಣ, ಬೇಸರಿಸಬೇಡಿ. ನಿಮ್ಮ ಜೀಪಿನ ಆಕ್ಸಲ್ ವಂಶ ವಿಲ್ಲೀಸ್ ಕಾಲದ್ದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಬಂದ ಸಿಜೆ ಜೀಪುಗಳಲ್ಲಿ 60 ಕುದುರೆ ಶಕ್ತಿಯ 2.2 ಲೀಟರ್ ಪೆಟ್ರೋಲ್ ಎಂಜಿನ್ ಇತ್ತು, ತಿರುಚು ಬಲ ಸುಮಾರು 142 ನ್ಯೂಟನ್ ಮೀಟರ್. ಫಸ್ಟ್ ಗೇರ್ 2.8 ಪಟ್ಟು, ಆಕ್ಸಲ್ ಒಳಗಿನ ಕ್ರೌನ್-ಪಿನಿಯನ್ 5.38 ಪಟ್ಟು. ಗುಣಿಸಿದರೆ ಹಿಂದಿನ ಎರಡು ಚಕ್ರಗಳಿಗೂ ಸೇರಿ ಸಿಗುತ್ತಿದ್ದುದು ಸುಮಾರು 2,140. ಈಗ ನಿಮ್ಮ ಥಾರ್ ಎಂಜಿನ್: 105 ಕುದುರೆ ಶಕ್ತಿ, 247 ನ್ಯೂಟನ್ ಮೀಟರ್. ಫಸ್ಟ್ ಗೇರನ್ನು ಅಂದಾಜು 4 ಪಟ್ಟು ಎಂದಿಟ್ಟುಕೊಳ್ಳಿ, ಹಿಂದೆ ಅದೇ 5.38 ಇದ್ದರೆ 5,300 ದಾಟುತ್ತದೆ. ಲೋ ಗೇರ್ ಹಾಕಿದರೆ ಅದರ ಸುಮಾರು ಎರಡೂವರೆ ಪಟ್ಟು, ಹದಿಮೂರು ಸಾವಿರದ ಆಚೆ.

ಆದರೆ ಅಷ್ಟೂ ಶಾಫ್ಟಿನ ಮೇಲೆ ಬೀಳುವುದಿಲ್ಲ. ಟೈರು ನೆಲವನ್ನು ಎಷ್ಟು ಹಿಡಿಯುತ್ತದೋ ಅಷ್ಟೇ ಶಾಫ್ಟಿಗೆ ಬರುವುದು, ಮಿಕ್ಕದ್ದು ಚಕ್ರ ಸುತ್ತಿ ಹಾಳಾಗುತ್ತದೆ. ಹಿಂದಿನ ಚಕ್ರಗಳ ಮೇಲೆ 900 ಕಿಲೋ ಭಾರ ಇದೆ ಅಂದುಕೊಳ್ಳಿ. ಒಣ ಡಾಂಬರಿನಲ್ಲಿ 31 ಇಂಚಿನ ಟೈರು ಜಾರುವ ಮುಂಚೆ ಎರಡೂ ಶಾಫ್ಟುಗಳ ಮೇಲೆ ಸೇರಿ ಸುಮಾರು 2,750 ನ್ಯೂಟನ್ ಮೀಟರ್ ಬರುತ್ತದೆ. ಹಳೇ ಜೀಪಿನಲ್ಲಿ ಹೈ ಗೇರಿನ ಫಸ್ಟ್‌ನಲ್ಲಿ ಎಂಜಿನ್ನೇ ಅಷ್ಟು ಕೊಡುತ್ತಿರಲಿಲ್ಲ. ಎಂಜಿನ್ನಿನ ಬಡತನವೇ ಆಕ್ಸಲ್ಲಿಗೆ ಕಾವಲಾಗಿತ್ತು. ಈಗ ಆ ಕಾವಲು ಟೈರಿನ ಪಾಲಿಗೆ ಬಂದಿದೆ. ನೀವು ಟೈರನ್ನು ದೊಡ್ಡದು ಮಾಡಿ, ಟ್ರೇಲರ್ ಮೂತಿಯ ಭಾರವನ್ನೂ ಹಿಂದಕ್ಕೆ ಹೇರಿ, ಆ ಕಾವಲಿನ ಗೆರೆಯನ್ನೂ ಮೇಲೇರಿಸಿದಿರಿ. ಹಿಂದಿನ ಭಾರ 1,400 ಕಿಲೋ ಆದರೆ ಅದೇ ಲೆಕ್ಕ 4,200 ದಾಟುತ್ತದೆ.

ಕುದುರೆ ಶಕ್ತಿ ಎಷ್ಟು ಎಂಬುದನ್ನು ಮಾತ್ರ ಹಿಡಿದು ಆಕ್ಸಲ್ ಆರಿಸುವುದು ಇದಕ್ಕೇ ಸರಿಯಲ್ಲ. ಭಾರ, ಟೈರಿನ ಎತ್ತರ, ಏಟು, ಈ ಮೂರು ಆಕ್ಸಲನ್ನು ಮುರಿಯುತ್ತವೆ. ಏಟು ಎಂದರೆ, ಕೆಸರಿನಲ್ಲಿ ಚಕ್ರ ಗಿರ್ರನೆ ಸುತ್ತುತ್ತಿದ್ದು ಥಟ್ಟನೆ ಕಲ್ಲೋ ಬೇರೋ ಸಿಕ್ಕಿ ಹಿಡಿದಾಗ ಬರುತ್ತದಲ್ಲ, ಅದು. ಕ್ಲಚ್ ಮೇಲಿಂದ ಕಾಲನ್ನು ಫಕ್ಕನೆ ತೆಗೆದಾಗಲೂ ಅದೇ. ಆ ಕ್ಷಣಕ್ಕೆ ಮೇಲಿನ ಲೆಕ್ಕದ ಯಾವ ಅಂಕಿಯೂ ಸಾಲದು. ಜೂನ್-ಜುಲೈ ಮಳೆಯಲ್ಲಿ ಕೆಂಪು ಮಣ್ಣಿನ ಏರಿನಲ್ಲಿ ಸೌದೆ ಟ್ರೇಲರ್ ಸಿಕ್ಕಿಕೊಂಡಾಗ ನೀವು ಹೇಗೆ ಎಬ್ಬಿಸುತ್ತೀರಿ ಎಂದು ನಾನು ಕೇಳುವುದಿಲ್ಲ, ನಿಮಗೇ ಗೊತ್ತು.

ನಿಮ್ಮ ಕಾಗದದಲ್ಲಿ ನನ್ನ ಕಣ್ಣು ನಿಂತದ್ದು 'ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿಟ್ಟಿದ್ದೇವೆ' ಎಂಬ ಮಾತಿನ ಮೇಲೆ. ಹಳೇ ಜೀಪಿನಲ್ಲಿ ಮುಂದಿನ ಆಕ್ಸಲನ್ನು ಜೊತೆಗೆ ಹಾಕಿಕೊಳ್ಳದೆ ಲೋ ಗೇರ್ ಬೀಳದ ಹಾಗೆ ಕಟ್ಟು ಇರುತ್ತಿತ್ತು. ಸುಮ್ಮನೆ ಇಟ್ಟದ್ದಲ್ಲ. ಲೋ ಗೇರಿನ ಎಳೆತವನ್ನು ನಾಲ್ಕು ಚಕ್ರ ಹಂಚಿಕೊಳ್ಳಲಿ, ಹಿಂದಿನ ಎರಡೇ ಹೊರುವುದು ಬೇಡ ಎಂದು. ನೀವು ಮುಂದಿನದನ್ನು ಬಿಚ್ಚಿ, ಥಾರ್ ಟ್ರಾನ್ಸ್‌ಫರ್ ಕೇಸಿನ ಲೋ ಹಾಕಿ ಎಳೆಸಿದಾಗ ಪೂರ್ತಿ ಎಳೆತ ಹಿಂದಕ್ಕೇ ಹೋಯಿತು. ನಾಲ್ಕು ಜನ ಹೊರುವ ಚಟ್ಟವನ್ನು ಇಬ್ಬರೇ ಹೊತ್ತ ಹಾಗಾಯಿತು.

ಎರಡನೆಯ ಸುಳಿವು ಆ ಕ್ರಾಸ್‌ಗಳದು, ಅಂದರೆ ಪ್ರೊಪೆಲ್ಲರ್ ಶಾಫ್ಟಿನ ತುದಿಯ ಕೀಲುಗಳದು. ಹಳೇ ಜೀಪಿನ ಟ್ರಾನ್ಸ್‌ಫರ್ ಕೇಸಿನಿಂದ ಹಿಂದಿನ ಶಾಫ್ಟ್ ನಡುವಿನಿಂದ ಹೊರಡುವುದಿಲ್ಲ, ಒಂದು ಪಕ್ಕದಿಂದ ಹೊರಡುತ್ತದೆ. ಅದಕ್ಕೆ ತಕ್ಕ ಹಾಗೆ ಆಕ್ಸಲ್‌ನ ಉಬ್ಬು, ಅಂದರೆ ಕ್ರೌನ್-ಪಿನಿಯನ್ ಕೂರುವ ಗುಂಡು, ಅದೂ ನಡುವಿನಲ್ಲಿರದೆ ಒಂದು ಪಕ್ಕಕ್ಕಿರುತ್ತದೆ. ನೀವು ತಂದ ಥಾರ್ ಗೇರ್‌ಬಾಕ್ಸಿನಲ್ಲಿ ಹಿಂದಿನ ಶಾಫ್ಟು ನೇರ ಹಿಂದಕ್ಕೆ ಹೊರಡುತ್ತದೆ. ಜೀಪಿನ ಕೆಳಗೆ ತೂರಿ ನೋಡಿ. ಪ್ರೊಪೆಲ್ಲರ್ ಶಾಫ್ಟು ಮೇಲಿಂದ ಕೆಳಕ್ಕೆ ಇಳಿಯುವುದಲ್ಲದೆ ಒಂದು ಪಕ್ಕಕ್ಕೂ ಓರೆಯಾಗಿ ಹೋಗುತ್ತಿದ್ದರೆ, ಎರಡೂ ತುದಿಯ ಕ್ರಾಸ್‌ಗಳ ಕೋನ ಸಮ ಇಲ್ಲದಿದ್ದರೆ, ಆ ಕ್ರಾಸ್‌ಗಳು ಮೂರಲ್ಲ, ಮೂವತ್ತು ಸಲ ಹೋಗುತ್ತವೆ. ಶಾಫ್ಟು ಪ್ರತಿ ಸುತ್ತಿನಲ್ಲೂ ಎರಡು ಸಲ ಜಗ್ಗಿ ಬಿಡುತ್ತದೆ, ಆ ಅದುರು ಪಿನಿಯನ್ ಬೇರಿಂಗಿಗೆ, ಕ್ರೌನಿಗೆ, ಕೊನೆಗೆ ಆಕ್ಸಲ್ ಶಾಫ್ಟಿಗೆ ತಲುಪುತ್ತದೆ. ಇದು ನಿಜವಾದರೆ ಹಳೇ ಹೌಸಿಂಗನ್ನು ಉಳಿಸಿಕೊಳ್ಳುವ ಮಾತೇ ಬರುವುದಿಲ್ಲ, ಗುಂಡು ನಡುವಿನಲ್ಲಿರುವ ಆಕ್ಸಲ್ಲೇ ಬೇಕು.

ಈಗ ನಿಮ್ಮ ಸಲಹೆಗಾರರ ಮಾತಿಗೆ ಬರೋಣ.

ಡಿಫರೆನ್ಷಿಯಲ್ಲಿಗೆ ವೆಲ್ಡಿಂಗ್ ಎಂದವರ ಮಾತು ಕೇಳಬೇಡಿ. ತಿರುವಿನಲ್ಲಿ ಒಳಚಕ್ರ ಕಮ್ಮಿ, ಹೊರಚಕ್ರ ಜಾಸ್ತಿ ಸುತ್ತಬೇಕು. ಬೆಸೆದುಬಿಟ್ಟರೆ ಪ್ರತಿ ತಿರುವಿನಲ್ಲೂ ಒಂದು ಚಕ್ರ ಉಜ್ಜಿಕೊಂಡೇ ಹೋಗಬೇಕು, ಆ ತಿರುಚೆಲ್ಲ ಶಾಫ್ಟಿಗೆ. ಒದ್ದೆ ರಸ್ತೆಯಲ್ಲಿ ಜೀಪು ನೇರ ಹೋಗುತ್ತದೆ, ತಿರುಗುವುದಿಲ್ಲ. ಎರಡೂ ಚಕ್ರಕ್ಕೆ ಹಿಡಿತ ಬೇಕೆಂದರೆ ಅದಕ್ಕೆಂದೇ ಮಾಡಿದ ಲಾಕಿಂಗ್ ಡಿಫರೆನ್ಷಿಯಲ್ ಇದೆ. 2015ರಲ್ಲಿ ಥಾರ್ ಹೊಸ ರೂಪದಲ್ಲಿ ಬಂದಾಗ ಹಿಂದಿನ ಆಕ್ಸಲ್ಲಿಗೆ ಈಟನ್ ಕಂಪನಿಯ ಮೆಕ್ಯಾನಿಕಲ್ ಲಾಕರ್ ಕೊಟ್ಟರು. ಒಂದು ಚಕ್ರ ವಿಪರೀತ ಸುತ್ತತೊಡಗಿದಾಗ ತಾನೇ ಹಿಡಿದುಕೊಂಡು, ಆಮೇಲೆ ತಾನೇ ಬಿಡುತ್ತದೆ.

ಕೆ.ಆರ್. ನಗರದ ಲೇತ್‌ನವರಿಗೆ ಒಂದೇ ಪ್ರಶ್ನೆ ಕೇಳಿ: ಯಾವ ಸ್ಟೀಲು, ಹೀಟ್ ಟ್ರೀಟ್‌ಮೆಂಟ್ ಎಲ್ಲಿ? ಇಎನ್ 24 ಜಾತಿಯ ಮಿಶ್ರಲೋಹದಲ್ಲಿ ಕಡೆದು, ಸರಿಯಾಗಿ ಕಾಯಿಸಿ ಎಣ್ಣೆಯಲ್ಲಿ ಹದ ಮಾಡಿಸಿದ ಶಾಫ್ಟು ಒಳ್ಳೆಯದೇ. ಅಳತೆ ಸರಿ ಇದ್ದು ಹದ ಇಲ್ಲದ ಶಾಫ್ಟು ನೋಡಲು ಮಾತ್ರ ಶಾಫ್ಟು. 'ಮುರಿದದ್ದನ್ನೇ ಬೆಸೆದು ಕಡೆದುಕೊಡ್ತೀವಿ' ಅಂದರೆ ಅಲ್ಲಿಂದ ಎದ್ದು ಬನ್ನಿ. ಬೆಸುಗೆಯ ಕಾವಿಗೆ ಪಕ್ಕದ ಲೋಹದ ಹದವೆಲ್ಲ ಹೋಗಿರುತ್ತದೆ, ಮುಂದಿನ ಸಲ ಅಲ್ಲೇ ಕಡಿಯುತ್ತದೆ.

ಫೋರ್ಡ್ ನೈನ್ ಇಂಚ್ ಬಗ್ಗೆ: ನಿಜ, ಅಮೆರಿಕದ ಕಾರು ಪ್ರಿಯರಿಗೆ ಅದರ ಮೇಲೆ ವ್ಯಾಮೋಹ. 1957ರಲ್ಲಿ ಬಂದದ್ದು, ಒಂಬತ್ತು ಇಂಚಿನ ಕ್ರೌನ್ ವೀಲಿನದು. ಅಲ್ಲಿ ಪ್ರತಿ ಊರಿನಲ್ಲೂ ಅದರ ಬಿಡಿಭಾಗ ಸಿಗುತ್ತದೆ, ಅದಕ್ಕೇ ಅಲ್ಲಿ ಅದು ಸರಿ. ನಿಮಗೆ ಒಂದು ಬೇರಿಂಗ್ ಹೋದರೆ ಹುಣಸೂರಿನಲ್ಲಿ ಸಿಗುವುದಿಲ್ಲ, ಮೈಸೂರಿನಲ್ಲೂ ಸಿಗುವುದಿಲ್ಲ. ಜೀಪು ವಂಶದ ದೊಡ್ಡ ಆಕ್ಸಲ್ ಡಾನಾ 44, ಅದರ ಕ್ರೌನು ಎಂಟೂವರೆ ಇಂಚು. ಅರ್ಧ ಇಂಚಿಗಾಗಿ ಸಮುದ್ರ ದಾಟುವ ಅಗತ್ಯ ನನಗೆ ಕಾಣುವುದಿಲ್ಲ.

407 ಎಂದ ಸ್ನೇಹಿತರ ಮಾತಿನಲ್ಲಿ ಒಂದು ನಿಜಾಂಶ ಇದೆ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿಮ್ಮ ಜೀಪಿನಲ್ಲಿ ಶಾಫ್ಟೇ ಚಕ್ರವನ್ನು ತಿರುಗಿಸುತ್ತದೆ, ಶಾಫ್ಟೇ ಗಾಡಿಯ ಭಾರವನ್ನೂ ಹೊರುತ್ತದೆ. ಇದು ಸೆಮಿ ಫ್ಲೋಟಿಂಗ್. ಎತ್ತಿನ ಗಾಡಿಯಲ್ಲಿ ಅಚ್ಚು ಭಾರ ಹೊತ್ತು ಸುಮ್ಮನಿರುತ್ತದೆ, ಗಾಲಿ ಅದರ ಮೇಲೆ ತಿರುಗುತ್ತದೆ. (ಅಮೃತ್ ಮಹಲ್ ಎತ್ತುಗಳ ಕೇಂದ್ರವಾಗಿ ಸೈನ್ಯದ ಸಾಗಣೆಗೆ ದುಡಿದ ಹುಣಸೂರಿನ ಕಡೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ.) ಲಾರಿಗಳ ಫುಲ್ ಫ್ಲೋಟಿಂಗ್ ಆಕ್ಸಲ್‌ನಲ್ಲಿ ಹೌಸಿಂಗಿನ ತುದಿಯೇ ಆ ಅಚ್ಚು. ಹಬ್ಬು ಎರಡು ಬೇರಿಂಗುಗಳ ಮೇಲೆ ಹೌಸಿಂಗಿನಲ್ಲೇ ಕೂತಿರುತ್ತದೆ, ಒಳಗಿನ ಶಾಫ್ಟಿಗೆ ತಿರುಗಿಸುವುದೊಂದೇ ಕೆಲಸ. ಶಾಫ್ಟ್ ಮುರಿದರೂ ಚಕ್ರ ಕಳಚುವುದಿಲ್ಲ. ಹೊರಗಿನ ಬೋಲ್ಟ್ ಬಿಚ್ಚಿ, ಎಳೆದು, ಬೇರೆ ಶಾಫ್ಟ್ ತೂರಿಸಿ ರಸ್ತೆಯಲ್ಲೇ ಕೆಲಸ ಮುಗಿಸಬಹುದು. ನಿಮಗಾದ ಅನಾಹುತವೇ ಅಲ್ಲಿ ಆಗುತ್ತಿರಲಿಲ್ಲ.

ಆದರೂ ನಿಮ್ಮ ಜೀಪಿಗೆ ನಾನು 407ನ್ನು ಹೇಳುವುದಿಲ್ಲ. ಆ ತೂಕಕ್ಕೆ ಜೀಪಿನ ಪಟ್ಟೆ ಸ್ಪ್ರಿಂಗು ಕಟ್ಟಿದ್ದಲ್ಲ, ಹಿಂಭಾಗ ಕುಣಿಯುತ್ತದೆ. ಚಕ್ರದ ಬೋಲ್ಟುಗಳು ಬೇರೆ, ಅಗಲ ಬೇರೆ, ಬ್ರೇಕು ಬೇರೆ. ಮಾಸ್ಟರ್ ಸಿಲಿಂಡರ್ ಅದರ ಡ್ರಮ್ಮಿಗೆ ಸರಿಹೋಗದೆ, ಮುಂದೆ ಹಿಂದೆ ಬ್ರೇಕಿನ ಹದ ತಪ್ಪುತ್ತದೆ. ಜೀಪಿನ ಬಾಡಿಯ ಕೆಳಗೆ ಮಿನಿ ಲಾರಿ ಇಟ್ಟ ಹಾಗೆ.

ಸ್ಕಾರ್ಪಿಯೊ ಆಕ್ಸಲ್ ತಪ್ಪಲ್ಲ, ಆದರೆ ಅದು ಕಾಯಿಲ್ ಸ್ಪ್ರಿಂಗಿಗೆ ಮಾಡಿದ್ದು. ಅದರ ಮೈಮೇಲಿನ ಬ್ರಾಕೆಟ್ಟುಗಳನ್ನೆಲ್ಲ ಕತ್ತರಿಸಿ, ನಿಮ್ಮ ಪಟ್ಟೆಗಳಿಗೆ ಸೀಟು ಬೆಸೆಯಬೇಕು. ಅಷ್ಟು ಬೆಸುಗೆಯ ಕಾವಿಗೆ ಹೌಸಿಂಗ್ ಕೊಳವೆ ಬಾಗುತ್ತದೆ. ಬರಿಗಣ್ಣಿಗೆ ಕಾಣದಷ್ಟು ಬಾಗಿದರೂ ಶಾಫ್ಟು ಒಳಗೆ ಸದಾ ತಿಕ್ಕಾಡುತ್ತದೆ. ಜಿಗ್ ಇಟ್ಟುಕೊಂಡು ಕೆಲಸ ಮಾಡುವವರು ಸಿಕ್ಕರೆ ಮಾತು ಬೇರೆ.

ನನ್ನ ಆಯ್ಕೆ ಇವರು ಯಾರೂ ಹೇಳದ್ದು: ಪಟ್ಟೆ ಸ್ಪ್ರಿಂಗ್ ಇರುವ ಬೊಲೆರೊದ್ದೋ, 2010ರಿಂದ ಬಂದ ಹಳೇ ಥಾರ್‌ದೋ ಹಿಂದಿನ ಆಕ್ಸಲ್, ಡ್ರಮ್ಮಿನಿಂದ ಡ್ರಮ್ಮಿನ ತನಕ ಇಡಿಯಾಗಿ. ನಿಮ್ಮ ಎಂಜಿನ್ ಯಾವ ಗಾಡಿಯದೋ ಅದೇ ಗಾಡಿಯ ಆಕ್ಸಲ್ ಸಿಕ್ಕರೆ ಅದಕ್ಕಿಂತ ಇನ್ನೇನು ಬೇಕು? ಆ ಎಳೆತವನ್ನು ಲೆಕ್ಕಕ್ಕೆ ಹಿಡಿದೇ ಮಾಡಿದ್ದು ಅದು. ಚಕ್ರದ ಐದು ಬೋಲ್ಟುಗಳ ವೃತ್ತ ಹಳೇ ಜೀಪಿಗೂ ಬೊಲೆರೊಗೂ ಆ ಥಾರ್‌ಗೂ ಒಂದೇ, 139.7 ಮಿಲಿಮೀಟರ್. ಶಾಫ್ಟು ಮತ್ತು ಫ್ಲಾಂಜು ಒಂದೇ ತುಂಡು, ಕೀಯೂ ಇಲ್ಲ, ಮೊನಚೂ ಇಲ್ಲ. ಇದೂ ಸೆಮಿ ಫ್ಲೋಟಿಂಗೇ, ಮುರಿದರೆ ಇಲ್ಲೂ ಚಕ್ರ ಕಳಚಬಹುದು, ಅದನ್ನು ಮುಚ್ಚಿಡುವುದಿಲ್ಲ. ಮುರಿಯುವ ಮೊದಲ ಕಾರಣ ಹೋಗುತ್ತದೆ ಅಷ್ಟೆ. ಪಟ್ಟೆಯ ಸೀಟಿನ ಜಾಗ ಮಾತ್ರ ಸ್ವಲ್ಪ ಸರಿಸಬೇಕಾಗುತ್ತದೆ. ಸರಿಸುವಾಗ ಪಿನಿಯನ್ ಮೂತಿಯ ಕೋನ ನೋಡಿಯೇ ಟಾಕು ಹಾಕಿಸಿ, ಗಾಡಿ ತನ್ನ ಭಾರದಲ್ಲಿ ನೆಲದ ಮೇಲೆ ನಿಂತ ಮೇಲೆ ಪೂರ್ತಿ ಬೆಸೆಯಲಿ. ಜಾಕಿನ ಮೇಲೆ ನೇತಾಡುತ್ತಿರುವಾಗ ಬೆಸೆದರೆ ಮತ್ತೆ ಕ್ರಾಸ್ ಅಂಗಡಿಗೆ ಅಲೆಯುವುದೇ. ಥಾರ್ ಆಕ್ಸಲ್ ನಿಮ್ಮದಕ್ಕಿಂತ ಅಗಲ, ಚಕ್ರ ಮಡ್‌ಗಾರ್ಡಿನಿಂದ ಹೊರಗೆ ಬಂದರೆ ಅಗಲದ ಮಡ್‌ಗಾರ್ಡ್ ಹಾಕಿಸಿ.

ತರುವ ಮುಂಚೆ ಒಂದು ಪರೀಕ್ಷೆ. ಆಕ್ಸಲ್ ಅನುಪಾತ ಎಷ್ಟೆಂದು ಅಂಗಡಿಯವರ ಬಾಯಿಮಾತು ನಂಬಬೇಡಿ. ಒಂದು ಚಕ್ರ ನೆಲದ ಮೇಲಿರಲಿ, ಇನ್ನೊಂದನ್ನು ಎತ್ತಿ, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ. ಅಷ್ಟರಲ್ಲಿ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ತಿರುಗಿತೋ ಅದೇ ಅನುಪಾತ. ಬಿಚ್ಚಿಟ್ಟ ಆಕ್ಸಲ್ ಆದರೆ ಒಂದು ಕಡೆಯ ಡ್ರಮ್ಮನ್ನು ಯಾರಾದರೂ ಅದುಮಿ ಹಿಡಿದುಕೊಳ್ಳಲಿ, ಪಿನಿಯನ್ ಫ್ಲಾಂಜಿಗೆ ಸೀಮೆಸುಣ್ಣದ ಗುರುತು ಹಾಕಿ ಎಣಿಸಿ. ಲಾಕರ್ ಇರುವ ಆಕ್ಸಲ್ಲಿಗೂ ನಿಧಾನಕ್ಕೆ ತಿರುಗಿಸಿದರೆ ಇದೇ ಲೆಕ್ಕ. ಕ್ರೌನಿನ ಹಲ್ಲು 43, ಪಿನಿಯನ್ನಿನದು 8 ಇದ್ದರೆ 5.38. 41ಕ್ಕೆ 11 ಇದ್ದರೆ 3.73. ಅಂಕಿ ಕಮ್ಮಿಯಾದಷ್ಟೂ ಪಿನಿಯನ್ ದಪ್ಪ, ಹಲ್ಲು ಗಟ್ಟಿ, ಮೈಸೂರು ರಸ್ತೆಯಲ್ಲಿ ಎಂಜಿನ್ ಅರಚುವುದೂ ಕಮ್ಮಿ. ಡೀಸೆಲ್ ಎಂಜಿನ್ನಿಗೆ 5.38 ಅತಿಯಾಯಿತು ಎಂದೇ ನನ್ನ ಭಾವನೆ. ಆದರೆ ಮುಂದಿನ ಆಕ್ಸಲನ್ನು ಎಂದಾದರೂ ಮತ್ತೆ ಸೇರಿಸುವುದಾದರೆ ಮುಂದಿನದೂ ಹಿಂದಿನದೂ ಅದೇ ಅಂಕಿ ಇರಲೇಬೇಕು, ಇಲ್ಲದಿದ್ದರೆ ಟ್ರಾನ್ಸ್‌ಫರ್ ಕೇಸ್ ಒಡೆಯುತ್ತದೆ. ಮುಂದಿನದನ್ನು ಸೇರಿಸುವ ತನಕ ಲೋ ಗೇರಿನ ಲಿವರನ್ನು ಮುಟ್ಟಬೇಡಿ.

ಇನ್ನೊಂದು ಚಿಕ್ಕ ವಸ್ತು, ಹೌಸಿಂಗ್ ಮೇಲಿನ ಬ್ರೀದರ್. ಬಟಾಣಿ ಗಾತ್ರದ್ದು, ಮಣ್ಣು ಮೆತ್ತಿ ಮುಚ್ಚಿಹೋಗಿರುತ್ತದೆ. ಮುಚ್ಚಿದರೆ ಒಳಗೆ ಕಾದ ಗಾಳಿ ಆಯಿಲ್ ಸೀಲ್ ದಾಟಿ ಎಣ್ಣೆಯನ್ನು ಬ್ರೇಕ್ ಲೈನಿಂಗ್ ಮೇಲೆ ತಳ್ಳುತ್ತದೆ. ಕಾದ ಆಕ್ಸಲ್ ಹಳ್ಳದ ನೀರಿಗಿಳಿದರೆ ಉಲ್ಟಾ, ನೀರನ್ನು ಒಳಕ್ಕೆ ಹೀರುತ್ತದೆ. ಕಬಿನಿ ಹಿನ್ನೀರಿನ ಅಂಚಿನಲ್ಲಿ ಓಡಾಡುವವರು ಆಯಿಲ್ ಪ್ಲಗ್ ಬಿಚ್ಚಿದಾಗ ಹಾಲು ಹಾಕಿದ ಕಾಫಿ ಬಣ್ಣ ಬಂತೆಂದರೆ ಇದೇ ಕಾರಣ. ಒಂದು ರಬ್ಬರ್ ಕೊಳವೆ ಹಾಕಿ ಬ್ರೀದರನ್ನು ಬಾಡಿಯ ಎತ್ತರಕ್ಕೆ ಒಯ್ದುಕೊಳ್ಳಿ, ಐವತ್ತು ರೂಪಾಯಿ ಖರ್ಚಿಲ್ಲ.

ಆಕ್ಸಲ್ಲಿಗಿಂತ ಮುಂಚೆ ಬ್ರೇಕು. 60 ಕುದುರೆಯ ಜೀಪಿಗೆ ಕೊಟ್ಟ ನಾಲ್ಕು ಡ್ರಮ್ಮು, ಒಂದೇ ಸರ್ಕ್ಯೂಟು. ಒಂದು ಪೈಪು ಒಡೆದರೆ ನಾಲ್ಕಕ್ಕೂ ಇಲ್ಲ. 105 ಕುದುರೆಯ ಎಂಜಿನ್ ಕೂರಿಸುವಾಗ ಇದನ್ನು ಮುಟ್ಟದೆ ಬಿಟ್ಟಿದ್ದರೆ ಅದು ನನಗೆ ಮುರಿದ ಶಾಫ್ಟಿಗಿಂತ ಹೆಚ್ಚು ಗಾಬರಿ ಹುಟ್ಟಿಸುತ್ತದೆ. ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್, ಬೂಸ್ಟರ್, ಮುಂದಕ್ಕೆ ಡಿಸ್ಕ್. ದುಡ್ಡು ಎರಡರಲ್ಲಿ ಒಂದಕ್ಕೇ ಸಾಲುವುದಾದರೆ ಬ್ರೇಕಿಗೆ ಹಾಕಿ, ಆಕ್ಸಲ್ ಮುಂದಿನ ವರ್ಷಕ್ಕಿರಲಿ, ಅಲ್ಲಿಯವರೆಗೆ ಜೀಪು ನಿಂತಿರಲಿ.

ಕಾನೂನಿನ ಮಾತು ನೀವು ಕೇಳಿಲ್ಲ, ಆದರೂ ಹೇಳಬೇಕು. ಆರ್‌ಸಿಯಲ್ಲಿ ಬರೆದದ್ದಕ್ಕೂ ಕಂಪನಿ ಮೂಲದಲ್ಲಿ ಕೊಟ್ಟದ್ದಕ್ಕೂ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಾಯಿಸಬಾರದು ಎಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿ ಇಲ್ಲದ ಪ್ರತಿ ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸಜೆ, ಇಲ್ಲವೇ ಎರಡೂ ಎಂದಾಯಿತು. ನಿಮ್ಮ ಎಂಜಿನ್ ಬದಲಾವಣೆ ಆರ್‌ಸಿಯಲ್ಲಿ ಸೇರಿದೆ ಎಂದು ನೀವು ಬರೆದಿಲ್ಲ, ಸೇರಿಲ್ಲ ಎಂದೇ ನನ್ನ ಊಹೆ. ಹಾಗಿದ್ದರೆ ಯಾರಿಗಾದರೂ ಪೆಟ್ಟಾದ ದಿನ ಇನ್ಶೂರೆನ್ಸ್‌ನವರು ಮೊದಲು ನೋಡುವುದು ಎಂಜಿನ್ ನಂಬರನ್ನೇ. ನಿಮ್ಮ ಕಡೆಗೆ ಕೆಎ 45 ಕೊಡುವ ಹುಣಸೂರಿನ ಆರ್‌ಟಿಓ ಕಚೇರಿಗೆ ಹೋಗಿ, ಮಧ್ಯವರ್ತಿಯನ್ನು ಬಿಟ್ಟು, ಖುದ್ದು ಅರ್ಜಿ ಬರೆದುಕೊಟ್ಟು, ಏನು ಸಾಧ್ಯ ಏನು ಸಾಧ್ಯವಿಲ್ಲ ಎಂದು ಬರವಣಿಗೆಯಲ್ಲಿ ಕೇಳಿ. ಆಗುವುದಿಲ್ಲ ಎಂದರೆ ಹಳೇ ಮಾದರಿಯ ಎಂಜಿನ್ನಿಗೆ ಮರಳುವುದು, ಇಲ್ಲವೇ ಜೀಪನ್ನು ಸ್ವಂತ ಜಮೀನಿನೊಳಗೆ ಇಟ್ಟುಕೊಳ್ಳುವುದು, ಎರಡೇ ದಾರಿ. ಗುಜರಿಯಿಂದ ಆಕ್ಸಲ್ ತರುವಾಗಲೂ ಬಿಲ್ಲು ಮತ್ತು ಆ ಗಾಡಿಯ ಆರ್‌ಸಿ ಜೆರಾಕ್ಸು ಇಲ್ಲದೆ ತರಬೇಡಿ.

ಅವ್ವನ ಮಾತು ಉಳಿಯಿತು. ಮಾರಿ ಎಂದು ನಾನು ಹೇಳುವುದಿಲ್ಲ. ಆದರೆ ಅವರು ಹೆದರಿದ್ದಕ್ಕೆ ಕಾರಣ ಇದೆ, ಅದನ್ನು ನಗೆಯಾಡಿ ತಳ್ಳಬೇಡಿ. ಸೌದೆ ಕೆಲಸವನ್ನು ಈ ಜೀಪಿನಿಂದ ಬಿಡಿಸಿ. ಸೀಸನ್ನಿನಲ್ಲಿ ಬಾಡಿಗೆಗೆ ಒಂದು ಟ್ರ್ಯಾಕ್ಟರ್ ಹೇಳಿದರೆ ಆಗುವ ಖರ್ಚು, ಪ್ರತಿ ವರ್ಷ ಮುರಿಯುವ ಶಾಫ್ಟಿನ ಖರ್ಚಿಗಿಂತ ಜಾಸ್ತಿಯಾಗದು. ಟೈರನ್ನೂ ಒಂದೆರಡು ಇಂಚು ಇಳಿಸಿ.

ಈಗ ನನಗೆ ಬೇಕಾದ್ದು ಮೂರು: ಕಡಿದ ಶಾಫ್ಟಿನ ಎರಡೂ ಮುಖಗಳ ಫೋಟೊ, ಜೀಪಿನ ಕೆಳಗಿನಿಂದ ತೆಗೆದ ಪ್ರೊಪೆಲ್ಲರ್ ಶಾಫ್ಟಿನ ಫೋಟೊ, ಆರ್‌ಟಿಓ ಕಚೇರಿಯಿಂದ ಬಂದ ಉತ್ತರ. ಮೂರೂ ಕಳಿಸಿ, ಆಮೇಲೆ ಬೊಲೆರೊದೋ ಥಾರ್‌ದೋ ತೀರ್ಮಾನಿಸೋಣ. ಅಲ್ಲಿಯವರೆಗೆ ಯಾರಿಗೂ ಅಡ್ವಾನ್ಸ್ ಕೊಡಬೇಡಿ.